ಬಿಪಿಗೂ ಬೇಕು ಒಂದು ಲೆಕ್ಕದ ಪುಸ್ತಕ: ಒಂದು ದಿನದ ನಂಬರ್ ಯಾಕೆ ಸಾಲದು?

ಹಾಸನ: 2025ರ ಜೂನ್ ಕೊನೆ ಮತ್ತು ಜುಲೈ ಮೊದಲ ವಾರವನ್ನು ಜಿಲ್ಲೆಯಲ್ಲಿ ಯಾರೂ ಮರೆತಿರಲಿಕ್ಕಿಲ್ಲ. ದಿನ ಬೆಳಗಾದರೆ ಮೊಬೈಲ್‌ನಲ್ಲಿ ಇನ್ನೊಂದು ಹೃದಯಾಘಾತದ ಸುದ್ದಿ. ಟೀ ಅಂಗಡಿಯಲ್ಲಿ, ಬಸ್ ಸ್ಟ್ಯಾಂಡ್‌ನಲ್ಲಿ, ಸೆಲೂನ್‌ನಲ್ಲಿ ಅದೇ ಮಾತು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವಕ್ಕೇ ಸರದಿ ಶುರುವಾಗುತ್ತಿತ್ತು. ಎದೆನೋವು ಇದ್ದವರೂ ಹೋದರು, ಏನೂ ಇಲ್ಲದವರೂ ಹೋದರು. ಒಂದು ಇಸಿಜಿ ತೆಗೆಸಿಕೊಂಡು, ‘ನಾರ್ಮಲ್’ ಅಂತ ಕೇಳಿಸಿಕೊಂಡು, ನೆಮ್ಮದಿಯಿಂದ ಊರಿಗೆ ವಾಪಸ್ ಬಂದವರು ಬಹಳ ಜನ.

ರಾಜ್ಯ ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳು ಅಸಹಜವಾಗಿ ಏರಿಲ್ಲ ಎಂದು ಸಮಿತಿ ಹೇಳಿತು. ಗಲಾಟೆ ತಣ್ಣಗಾಯಿತು. ಆದರೆ ಆ ಸರದಿಯಲ್ಲಿ ನಿಂತು ಬಂದವರ ಮನಸ್ಸಿನಲ್ಲಿ ಉಳಿದಿರುವ ಒಂದು ತಪ್ಪು ಲೆಕ್ಕ ಹಾಗೇ ಇದೆ. ‘ಆವಾಗಲೇ ಚೆಕ್ ಮಾಡಿಸಿದೀನಿ, ನಂಗೇನೂ ಇಲ್ಲ’ ಅನ್ನುವುದೇ ಆ ಲೆಕ್ಕ.

ಇಸಿಜಿ ಯಂತ್ರ ಹೃದಯದ ವಿದ್ಯುತ್ ಚಲನೆಯನ್ನು ಹಾಳೆಯ ಮೇಲೆ ಬರೆಯುವುದು ಸುಮಾರು 10 ಸೆಕೆಂಡಿನಷ್ಟು ಮಾತ್ರ. ಆ ಹೊತ್ತಿನಲ್ಲಿ ಹೃದಯಾಘಾತ ಆಗುತ್ತಿದ್ದರೆ, ಹಿಂದೆ ಆಗಿದ್ದರೆ, ಬಡಿತ ತಪ್ಪುತ್ತಿದ್ದರೆ ಅದು ಬಹುಮಟ್ಟಿಗೆ ತೋರಿಸುತ್ತದೆ. ರಕ್ತನಾಳದಲ್ಲಿ ಕೊಬ್ಬು ನಿಧಾನಕ್ಕೆ ಕಟ್ಟುತ್ತಾ ಇದೆಯಾ, ಇನ್ನೈದು ವರ್ಷಕ್ಕೆ ಏನಾಗಬಹುದು ಅನ್ನುವುದನ್ನು ಹೇಳುವ ಕೆಲಸ ಅದರದ್ದಲ್ಲ. ಎದೆನೋವು ಬಂದಾಗ ಇಸಿಜಿಗಿಂತ ಮೊದಲು ಮಾಡಬೇಕಾದ ಪರೀಕ್ಷೆ ಇಲ್ಲ. ಏನೂ ಇಲ್ಲದಾಗ ಒಂದು ಸಲ ತೆಗೆಸಿದ ಇಸಿಜಿ ಅವತ್ತಿನ ಒಂದು ಫೋಟೋ, ಅಷ್ಟೇ.

ಅಪಾಯ ಮೊದಲು ಕಾಣಿಸಿಕೊಳ್ಳುವುದು ಇದಕ್ಕಿಂತ ತೀರಾ ಸಾಮಾನ್ಯವಾದ ಜಾಗದಲ್ಲಿ. ಅದು ಬಿಪಿ. 2023ರಲ್ಲಿ ಪ್ರಕಟವಾದ ಐಸಿಎಂಆರ್‌–ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ಶೇ 35.5 ಮಂದಿಗೆ ರಕ್ತದೊತ್ತಡ ಹೆಚ್ಚಿದೆ. ಒಂದು ಅಂಗಡಿ ಸಾಲಿನಲ್ಲಿ ಮೂರು ಮಳಿಗೆ ಇದ್ದರೆ ಒಬ್ಬರಿಗೆ ಅಂತ ಹಿಡಿಯಬಹುದು. ಇದಕ್ಕೆ ನೋವಿಲ್ಲ, ಜ್ವರ ಇಲ್ಲ. ತಲೆ ಸುತ್ತಬೇಕು, ಕಣ್ಣು ಮಂಜಾಗಬೇಕು ಅಂತೇನೂ ಇಲ್ಲ. ‘ಕಲ್ಲುಗುಂಡು ಥರ ಇದೀನಿ’ ಅನ್ನುವವರ ತೋಳಿಗೆ ಪಟ್ಟಿ ಸುತ್ತಿ ನೋಡಿದರೆ 170 ಬರುವುದು ಆರೋಗ್ಯ ಕೇಂದ್ರಗಳಲ್ಲಿ ದಿನನಿತ್ಯದ ಮಾತು.

ಶುಗರ್‌ಗೆ ಖಾತೆ ಇದೆ, ಬಿಪಿಗೆ ಇಲ್ಲ

ಸಕ್ಕರೆ ಕಾಯಿಲೆ ಇರುವವರಿಗೆ ಎಚ್‌ಬಿಎ1ಸಿ ಪರೀಕ್ಷೆ ಗೊತ್ತಿರುತ್ತದೆ. ‘ಮೂರು ತಿಂಗಳ ಶುಗರ್’ ಅಂತಲೇ ಅದಕ್ಕೆ ಹೆಸರು. ರಕ್ತದ ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನವೂ ರಕ್ತದಲ್ಲಿ ಓಡಾಡುವ ಸಕ್ಕರೆ ಅದಕ್ಕೆ ಅಂಟಿಕೊಳ್ಳುತ್ತಾ ಹೋಗುತ್ತದೆ. ಹಾಗಾಗಿ ಪರೀಕ್ಷೆಯ ಹಿಂದಿನ ದಿನ ಉಪವಾಸ ಮಾಡಿ ವೈದ್ಯರನ್ನು ಯಾಮಾರಿಸೋಕೆ ಆಗೋದಿಲ್ಲ. ಮದುವೆ ಮನೆಯ ಹೋಳಿಗೆಯಿಂದ ಹಿಡಿದು ಎಲ್ಲವೂ ಅಲ್ಲಿ ಜಮೆಯಾಗಿರುತ್ತದೆ.

ಬಿಪಿಗೆ ಇಂಥ ಪರೀಕ್ಷೆ ಇಲ್ಲ. ಕಳೆದ ಮೂರು ತಿಂಗಳು ಬಿಪಿ ಎಷ್ಟಿತ್ತು ಅಂತ ಹೇಳುವ ಯಾವ ರಕ್ತಪರೀಕ್ಷೆಯೂ ಇಲ್ಲ. ದೇಹ ಬರೆದಿಡುವುದೇ ಇಲ್ಲ ಅಂತಲ್ಲ, ಆದರೆ ಅದು ಬರೆಯುವ ಜಾಗ ಬೇರೆ. ದಪ್ಪಗಾದ ಹೃದಯದ ಗೋಡೆ, ಪ್ರೋಟೀನ್ ಸೋರುವ ಮೂತ್ರಪಿಂಡ, ಕಣ್ಣಿನ ಹಿಂಪರದೆಯ ಹಾಳಾದ ನಾಳ. ಅದನ್ನು ಓದುವ ಹೊತ್ತಿಗೆ ಅಸಲಿನ ಜೊತೆ ಬಡ್ಡಿಯೂ ಸೇರಿರುತ್ತದೆ. ಅದಕ್ಕೇ ಬಿಪಿಯ ಖಾತೆಯನ್ನು ಮನುಷ್ಯನೇ ಬರೆಯಬೇಕು. ಒಂದು ನೋಟ್‌ಬುಕ್, ಒಂದು ಪೆನ್ನು ಸಾಕು.

ಅಂಗಡಿ ನಡೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಸಂಜೆಯ ಗಲ್ಲಾ ನೋಡಿ ವರ್ಷದ ವ್ಯಾಪಾರ ಹೇಳುವವರು ಯಾರೂ ಇಲ್ಲ. ಅರಸೀಕೆರೆಯ ಕೊಬ್ಬರಿ ವ್ಯಾಪಾರಿಯನ್ನು ಇವತ್ತಿನ ರೇಟು ಕೇಳಿ ‘ಈ ವರ್ಷ ಲಾಭವೋ ನಷ್ಟವೋ’ ಅಂದರೆ ನಗುತ್ತಾರೆ. ಅದೇ ಜನ ವರ್ಷಕ್ಕೊಮ್ಮೆ ಜ್ವರಕ್ಕೆ ಡಾಕ್ಟರ್ ಹತ್ತಿರ ಹೋದಾಗ ನೋಡಿದ ಬಿಪಿಯನ್ನು ಮಾತ್ರ ವರ್ಷವಿಡೀ ನಂಬಿಕೊಂಡಿರುತ್ತಾರೆ!

ಹೊತ್ತಿಗೊಂದು ನಂಬರ್

ನಿಮಿಷಕ್ಕೆ 70 ಬಡಿತ ಅಂದರೂ ಹೃದಯ ದಿನಕ್ಕೆ ಒಂದು ಲಕ್ಷ ಸಲ ಬಡಿಯುತ್ತದೆ. ಪ್ರತಿ ಬಡಿತಕ್ಕೂ ಒತ್ತಡ ಒಂಚೂರು ಬೇರೆ. ರಾತ್ರಿ ನಿದ್ದೆಯಲ್ಲಿ ಸಾಮಾನ್ಯವಾಗಿ ಶೇ 10ರಿಂದ 20ರಷ್ಟು ಇಳಿಯುತ್ತದೆ, ಬೆಳಗಾಗುತ್ತಿದ್ದಂತೆ ಏರುತ್ತದೆ. ಕಾಫಿ ಕುಡಿದರೆ, ಬೀಡಿ ಸೇದಿದರೆ, ಮೂತ್ರ ಕಟ್ಟಿಕೊಂಡು ಕೂತರೆ, ಅಳೆಯುವಾಗ ಮಾತಾಡಿದರೆ, ಮೇಲಿನ ಅಂಕಿ ಏರುತ್ತದೆ. ಚಳಿಗಾಲದಲ್ಲಿ ಹೆಚ್ಚು, ಬೇಸಿಗೆಯಲ್ಲಿ ಕಡಿಮೆ. ಸಕಲೇಶಪುರದ ಮಳೆಗಾಲದ ಥಂಡಿಯಲ್ಲಿ ಬರುವ ನಂಬರೂ ಏಪ್ರಿಲ್ ಬಿಸಿಲಲ್ಲಿ ಬರುವ ನಂಬರೂ ಒಂದೇ ಆಗಿರಬೇಕಿಲ್ಲ. ಮಾತ್ರೆ ತೆಗೆದುಕೊಳ್ಳುವ ಕೆಲವರಿಗೆ ಬೇಸಿಗೆಯಲ್ಲಿ ಎದ್ದು ನಿಂತರೆ ತಲೆ ಸುತ್ತುವುದಕ್ಕೆ ಇದೂ ಒಂದು ಕಾರಣ. ಎರಡು ವರ್ಷದ ಪುಸ್ತಕ ಇದ್ದರೆ ವೈದ್ಯರಿಗೆ ಅದು ತಕ್ಷಣ ಕಾಣುತ್ತದೆ, ಇಲ್ಲದಿದ್ದರೆ ಊಹೆ ಮಾಡಬೇಕು.

ಇನ್ನೊಂದು ಗೊಂದಲ ಆಸ್ಪತ್ರೆಯದ್ದು. ಕೆಲವರಿಗೆ ಬಿಳಿ ಕೋಟು ಕಂಡರೇ ಬಿಪಿ ಏರುತ್ತದೆ, ಮನೆಯಲ್ಲಿ ನೋಡಿದರೆ ಸರಿಯಾಗಿರುತ್ತದೆ. ಇಂಥವರಿಗೆ ಒಂದೇ ದಿನದ ನಂಬರ್ ನೋಡಿ ಮಾತ್ರೆ ಶುರು ಮಾಡಿದರೆ ಬೇಡದ ಔಷಧ ತಗಲಿಕೊಳ್ಳಬಹುದು. ಇದರ ಉಲ್ಟಾ ಇರುವವರು ಹೆಚ್ಚು ಅಪಾಯದಲ್ಲಿರುತ್ತಾರೆ. ಆಸ್ಪತ್ರೆಯಲ್ಲಿ 130, ಅಂಗಡಿಯಲ್ಲಿ 150. ರಜೆಯ ದಿನ ಆರಾಮಾಗಿ ಹೋಗಿ ತೋರಿಸಿಕೊಂಡು ಬಂದರೆ ಎಲ್ಲ ಸರಿ. ಸಂತೆ ದಿನ ಮಧ್ಯಾಹ್ನ ಊಟವಿಲ್ಲದೆ, ಸಾಲಗಾರರ ಫೋನಿನ ನಡುವೆ, ಗಿರಾಕಿಗಳ ಗಲಾಟೆಯಲ್ಲಿ ಏನಾಗಿದೆ ಅಂತ ಯಾರೂ ನೋಡಿರುವುದಿಲ್ಲ. ಇದನ್ನು ವೈದ್ಯರು ಮರೆಮಾಚಿದ ರಕ್ತದೊತ್ತಡ ಅನ್ನುತ್ತಾರೆ. ಅಂಗಡಿಯಲ್ಲಿ 12–14 ಗಂಟೆ ಕಳೆಯುವವರು ಇದನ್ನು ಗಮನಿಸಬೇಕು.

ಇದಕ್ಕಾಗಿಯೇ ಮನೆಯಲ್ಲಿ ಅಳೆಯುವ ಬಿಪಿಗೆ ಬೇರೆ ಗೆರೆ ಇದೆ. ಆಸ್ಪತ್ರೆಯಲ್ಲಿ ಬೇರೆ ಬೇರೆ ದಿನ ನೋಡಿದಾಗ 140/90 ಅಥವಾ ಹೆಚ್ಚು ಬಂದರೆ ಬಿಪಿ ಇದೆ ಅಂತ ಲೆಕ್ಕ. ಮನೆಯಲ್ಲಿ ಹಲವು ದಿನದ ಸರಾಸರಿ 135/85 ದಾಟಿದರೆ ಸಾಕು. ಎರಡರಲ್ಲಿ ಒಂದು ಅಂಕಿ ಗೆರೆ ದಾಟಿದರೂ ಲೆಕ್ಕಕ್ಕೆ ಬರುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ದಿನಪೂರ್ತಿ ಮೈಗೆ ಕಟ್ಟಿ ಕಳಿಸುವ ಯಂತ್ರವೂ ಇದೆ. ಅದರ 24 ಗಂಟೆಯ ಸರಾಸರಿಗೆ ಗೆರೆ 130/80.

ಹಿರಿಯರು ಹೇಳುವ ‘ವಯಸ್ಸು ಪ್ಲಸ್ ನೂರು’ ಲೆಕ್ಕ ಇನ್ನೂ ಹಲವು ಮನೆಗಳಲ್ಲಿ ಚಾಲ್ತಿಯಲ್ಲಿದೆ. 65 ವರ್ಷಕ್ಕೆ 165 ಇದ್ದರೆ ಸರಿ ಅಂತ. ಅದು ಹಳೇ ಕಾಲದ ತಪ್ಪು ಲೆಕ್ಕ. ವಯಸ್ಸಾದಂತೆ ಬಿಪಿ ಏರುವುದು ಸಾಮಾನ್ಯ, ನಿಜ. ಸಾಮಾನ್ಯ ಅಂದ ಮಾತ್ರಕ್ಕೆ ಅಪಾಯವಿಲ್ಲ ಅಂತಲ್ಲ.

ಒಂದು ವಾರದ ಲೆಕ್ಕ ಹೀಗೆ

ಅರಸೀಕೆರೆಯ ಒಬ್ಬ ಕಿರಾಣಿ ಅಂಗಡಿಯವರು, ವಯಸ್ಸು 52 ಅಂತ ಅಂದುಕೊಳ್ಳೋಣ. ಆಸ್ಪತ್ರೆಯಲ್ಲಿ ಬಿಪಿ 138/88 ಬಂದಿದೆ. ‘ಗಡಿಯಲ್ಲಿದೆ, ಮನೆಯಲ್ಲಿ ಒಂದು ವಾರ ನೋಡಿ’ ಎಂದು ಡಾಕ್ಟರ್ ಹೇಳಿದ್ದಾರೆ. ಬೆಳಗ್ಗೆ ಎರಡು ಸಲ, ರಾತ್ರಿ ಎರಡು ಸಲ ಅಳೆದು ಬರೆದರು. ಮೊದಲ ದಿನ 152 ಬಂತು. ಗಾಬರಿ. ಆದರೆ ಮೊದಲ ದಿನದ ನಂಬರ್ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಹೊಸ ಯಂತ್ರ, ಹೊಸ ಅಭ್ಯಾಸ, ಅದು ಹೆಚ್ಚೇ ತೋರಿಸುತ್ತದೆ. ಉಳಿದ ಆರು ದಿನ ದಿನದ ಸರಾಸರಿ ಹೀಗೆ ಬಂತು: 138/88, 134/86, 141/89, 146/92, 139/87, 136/86. ನಾಲ್ಕನೆಯದು ಸಂತೆ ದಿನ.

ಆರನ್ನೂ ಕೂಡಿಸಿ ಆರರಿಂದ ಭಾಗಿಸಿದರೆ 139/88. ಆಸ್ಪತ್ರೆಯ ಗೆರೆ ಹಿಡಿದರೆ ಇದು 140/90ರ ಒಳಗೇ ಇದೆ, ‘ಪಾಸ್’ ಅನ್ನಿಸುತ್ತದೆ. ಮನೆಯ ಗೆರೆ 135/85. ಅದನ್ನು ಎರಡೂ ಅಂಕಿ ದಾಟಿವೆ. 134 ಬಂದ ದಿನ ಮಾತ್ರ ನೋಡಿದ್ದರೆ ಇವರು ಸುಮ್ಮನಾಗುತ್ತಿದ್ದರು. 146 ಬಂದ ದಿನ ಮಾತ್ರ ನೋಡಿದ್ದರೆ ರಾತ್ರೋರಾತ್ರಿ ಹಾಸನಕ್ಕೆ ಓಡುತ್ತಿದ್ದರು. ಎರಡೂ ಬೇಕಿರಲಿಲ್ಲ. ಆರು ದಿನದ 24 ನಂಬರ್ ಸೇರಿ ಹೇಳಿದ್ದು ಒಂದೇ ಮಾತು: ಬಿಪಿ ಸ್ವಲ್ಪ ಹೆಚ್ಚಿದೆ, ಈ ತಿಂಗಳಲ್ಲೇ ವೈದ್ಯರ ಬಳಿ ಕೂತು ಮಾತಾಡಬೇಕು.

‘ಸ್ವಲ್ಪ ಹೆಚ್ಚಿದ್ದರೆ ಏನಾಯ್ತು?’ ಅನ್ನುವ ಪ್ರಶ್ನೆಗೂ ಉತ್ತರ ಇದೆ. ಸುಮಾರು 10 ಲಕ್ಷ ವಯಸ್ಕರ ದಾಖಲೆಗಳನ್ನು ಒಟ್ಟು ಹಾಕಿ ನೋಡಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. 40ರಿಂದ 69 ವಯಸ್ಸಿನವರಲ್ಲಿ, 115ರಿಂದ ಮೇಲೆ, ಮೇಲಿನ ಅಂಕಿ 20 ಏರಿದಂತೆಲ್ಲ ಪಾರ್ಶ್ವವಾಯು ಮತ್ತು ಹೃದಯಾಘಾತದಿಂದ ಸಾಯುವ ಅಪಾಯ ದುಪ್ಪಟ್ಟು ಅಥವಾ ಅದಕ್ಕೂ ಹೆಚ್ಚಾಗುತ್ತದೆ ಎಂದು ಅದು ತೋರಿಸಿತು. ಇನ್ನೊಂದು ಕಡೆ, ಔಷಧಿಯಿಂದ ಮೇಲಿನ ಅಂಕಿಯನ್ನು 10 ಇಳಿಸಿದರೆ ಹೃದಯ–ರಕ್ತನಾಳದ ದೊಡ್ಡ ಅನಾಹುತಗಳು ಸುಮಾರು ಐದರಲ್ಲಿ ಒಂದರಷ್ಟು ಕಡಿಮೆಯಾಗುತ್ತವೆ ಎಂದು 2016ರ ವಿಶ್ಲೇಷಣೆಯೊಂದು ಹೇಳುತ್ತದೆ. ದಿನಕ್ಕೊಂದು ಚಿಕ್ಕ ಮಾತ್ರೆಗೆ ಆಗುವ ಕೆಲಸ ಇದು.

ಅಳೆಯೋದು ಎಲ್ಲಿ ತಪ್ಪುತ್ತೆ

ಬಹಳಷ್ಟು ತಪ್ಪು ನಂಬರ್ ಯಂತ್ರದಿಂದ ಬರುವುದಲ್ಲ, ಕೂರುವ ರೀತಿಯಿಂದ ಬರುತ್ತದೆ. ಗಲ್ಲಾ ಹಿಂದಿನ ಸ್ಟೂಲಿಗೆ ಬೆನ್ನಿಗೆ ಒರಗು ಇರುವುದಿಲ್ಲ, ಕಾಲು ನೇತಾಡುತ್ತಿರುತ್ತದೆ, ಕೈಯನ್ನು ತೊಡೆ ಮೇಲೆ ಇಳಿಬಿಟ್ಟಿರುತ್ತಾರೆ. ‘ಎರಡು ಕೆಜಿ ಸಕ್ಕರೆ ಕೊಡೋ’ ಅಂತ ಹುಡುಗನಿಗೆ ಹೇಳುತ್ತಲೇ ಬಟನ್ ಒತ್ತುತ್ತಾರೆ. ಆ ನಂಬರ್ ಬರೆಯದಿದ್ದರೇ ಒಳ್ಳೆಯದು.

ಒರಗು ಇರುವ ಕುರ್ಚಿಯಲ್ಲಿ, ಪಾದ ಪೂರ್ತಿ ನೆಲಕ್ಕೆ ತಾಗುವಂತೆ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನೆ ಕೂರಬೇಕು. ಮೊಬೈಲ್ ಕೂಡ ಬೇಡ. ಅದಕ್ಕೆ ಅರ್ಧ ಗಂಟೆ ಮುಂಚಿನಿಂದ ಕಾಫಿ, ಟೀ, ಬೀಡಿ, ಸಿಗರೇಟ್, ಗುಟ್ಕಾ ಮುಟ್ಟುವಂತಿಲ್ಲ. ಮೂತ್ರಕ್ಕೆ ಹೋಗಿ ಬಂದಿರಬೇಕು. ಪಟ್ಟಿಯನ್ನು ಬರಿ ತೋಳಿಗೆ ಸುತ್ತಬೇಕು, ಅಂಗಿಯ ಮೇಲಲ್ಲ. ಕೈ ಮೇಜಿನ ಮೇಲೆ, ಪಟ್ಟಿ ಎದೆಯ ಮಟ್ಟಕ್ಕೆ. ಒಂದು ಸಲ ನೋಡಿ, ಒಂದು ನಿಮಿಷ ಬಿಟ್ಟು ಇನ್ನೊಂದು ಸಲ ನೋಡಿ, ಎರಡನ್ನೂ ಬರೆಯಬೇಕು. ಚೆನ್ನಾಗಿ ಬಂದ ಒಂದನ್ನಷ್ಟೇ ಬರೆಯುವುದು ಉದ್ರಿ ಬಿಟ್ಟು ನಗದು ಮಾತ್ರ ಬರೆದ ಹಾಗೆ. ಬೆಳಗ್ಗೆ ಮಾತ್ರೆ ನುಂಗುವ ಮುಂಚೆ, ತಿಂಡಿಗೂ ಮುಂಚೆ. ರಾತ್ರಿ ಮಲಗುವ ಮುಂಚೆ. ಮೊಟ್ಟಮೊದಲ ಸಲ ಎರಡೂ ತೋಳಿನಲ್ಲಿ ನೋಡಿ, ಯಾವುದರಲ್ಲಿ ಹೆಚ್ಚು ಬರುತ್ತದೋ ಮುಂದೆ ಯಾವತ್ತೂ ಅದೇ ತೋಳು.

ಮಣಿಕಟ್ಟಿಗೆ ಕಟ್ಟುವ ಯಂತ್ರಕ್ಕಿಂತ ಮೇಲ್ದೋಳಿಗೆ ಸುತ್ತುವ ಎಲೆಕ್ಟ್ರಾನಿಕ್ ಯಂತ್ರ ಹೆಚ್ಚು ನಂಬಿಕೆಯದ್ದು. ಪಟ್ಟಿಯ ಅಳತೆ ಮುಖ್ಯ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ತೋರಿಸುತ್ತದೆ. ಕೊಳ್ಳುವ ಮುಂಚೆ ತೋಳಿನ ಸುತ್ತಳತೆಯನ್ನು ಟೇಪ್‌ನಲ್ಲಿ ನೋಡಿಕೊಂಡು, ಡಬ್ಬದ ಮೇಲೆ ಬರೆದಿರುವ ಅಳತೆಗೆ ಹೋಲಿಸಬೇಕು. ಅಕ್ಕಪಕ್ಕದ ನಾಲ್ಕು ಅಂಗಡಿಯವರು ಸೇರಿ ಒಂದು ಯಂತ್ರ ಇಟ್ಟುಕೊಂಡರೂ ನಡೆಯುತ್ತದೆ, ಪಟ್ಟಿ ಎಲ್ಲರ ತೋಳಿಗೂ ಹೊಂದಬೇಕಷ್ಟೆ. ಪುಸ್ತಕ ಮಾತ್ರ ಬೇರೆ ಬೇರೆ ಇರಲಿ.

ಸ್ಮಾರ್ಟ್‌ವಾಚ್ ಬಗ್ಗೆ ಹುಡುಗರು ಕೇಳುತ್ತಾರೆ. ನಾಡಿ ಬಡಿತ ಎಣಿಸುವುದರಲ್ಲಿ ಅವು ಪರವಾಗಿಲ್ಲ. ಬಿಪಿ ವಿಷಯದಲ್ಲಿ ಅಗ್ಗದ ವಾಚು ತೋರಿಸುವ ನಂಬರನ್ನು ನಂಬಿ ಮಾತ್ರೆ ಏರಿಳಿಸುವುದು ಅಪಾಯ. ಸ್ಯಾಮ್‌ಸಂಗ್‌ನ ವಾಚು ಬಿಪಿ ತೋರಿಸಬೇಕಾದರೆ ತೋಳಿನ ಯಂತ್ರದ ಜೊತೆ ನಾಲ್ಕು ವಾರಕ್ಕೊಮ್ಮೆ ತಾಳೆ ನೋಡಿ ಹೊಂದಿಸಬೇಕು. ಆಪಲ್ ಕಂಪನಿ 2025ರಲ್ಲಿ ತಂದ ಸೌಲಭ್ಯ ನಂಬರನ್ನೇ ಕೊಡುವುದಿಲ್ಲ. 30 ದಿನದ ಮಾಹಿತಿ ನೋಡಿ, ‘ಬಿಪಿ ಹೆಚ್ಚಿರುವ ಲಕ್ಷಣ ಇದೆ, ಯಂತ್ರದಲ್ಲಿ ನೋಡಿಕೊಳ್ಳಿ’ ಅಂತ ಎಚ್ಚರಿಸುತ್ತದೆ ಅಷ್ಟೆ. ಅಷ್ಟು ದುಬಾರಿ ವಾಚಿಗೂ ಒಂದು ತಿಂಗಳು ಬೇಕು!

ಬಿಪಿ ಯಂತ್ರ ಕೆಳಗಡೆ ತೋರಿಸುವ ಮೂರನೇ ಅಂಕಿ ನಾಡಿಯದ್ದು. ಅದನ್ನೂ ಬರೆಯಬೇಕು. ವಿಶ್ರಾಂತಿಯಲ್ಲಿ 60ರಿಂದ 100 ಸಾಮಾನ್ಯ. ತಿಂಗಳುಗಟ್ಟಲೆ 72–75 ಇದ್ದದ್ದು ಕಾರಣವಿಲ್ಲದೆ 95ರ ಹತ್ತಿರ ಹೋಗಿ ಅಲ್ಲೇ ನಿಂತರೆ ಅದು 100ರ ಒಳಗಿದ್ದರೂ ಕೇಳಬೇಕಾದ ವಿಷಯ. ರಕ್ತ ಕಡಿಮೆಯಾಗಿರಬಹುದು, ಥೈರಾಯ್ಡ್ ಇರಬಹುದು. ಒಂದೇ ದಿನ ನೋಡಿದವರಿಗೆ 95 ಕೂಡ ನಾರ್ಮಲ್ ಆಗಿಯೇ ಕಾಣುತ್ತದೆ. ಬೆರಳಿಟ್ಟು ನೋಡಿದಾಗ ಬಡಿತ ತಾಳ ತಪ್ಪಿದಂತೆ ಸಿಕ್ಕರೆ, ಅಥವಾ ಯಂತ್ರ ಪದೇ ಪದೇ ಬಡಿತ ತಪ್ಪಿದ ಗುರುತು ತೋರಿಸಿದರೆ, ಆವಾಗ ಇಸಿಜಿ ಬೇಕೇ ಬೇಕು. ಹೃದಯದ ಮೇಲಿನ ಕೋಣೆ ಅಡ್ಡಾದಿಡ್ಡಿ ಬಡಿದುಕೊಳ್ಳುವ ಒಂದು ತೊಂದರೆಯಲ್ಲಿ ರಕ್ತ ಅಲ್ಲೇ ಹೆಪ್ಪುಗಟ್ಟಿ, ಮಿದುಳಿಗೆ ಹೋಗಿ, ಪಾರ್ಶ್ವವಾಯು ಆಗುವ ಸಾಧ್ಯತೆ ಹೆಚ್ಚು.

ಬದಿಯಲ್ಲಿ ಒಂದು ಸಾಲು

ನಂಬರ್ ಪಕ್ಕದಲ್ಲಿ ನಾಲ್ಕು ಅಕ್ಷರ ಬರೆಯುವ ಅಭ್ಯಾಸ ಇದ್ದರೆ ಪುಸ್ತಕದ ಬೆಲೆ ಇಮ್ಮಡಿ. ‘ಸಂತೆ’, ‘ನಿದ್ದೆ ಇಲ್ಲ’, ‘ಮಾತ್ರೆ ತಪ್ಪಿತು’, ‘ಮದುವೆ ಊಟ’, ‘ಬೆನ್ನು ನೋವು – ಮಾತ್ರೆ’. ಕೊನೆಯದು ಮುಖ್ಯ. ಮೂಟೆ ಎತ್ತಿ ಬೆನ್ನು ಹಿಡಿದುಕೊಂಡವರು ಮೆಡಿಕಲ್ ಶಾಪ್‌ನಲ್ಲಿ ಕೇಳಿ ತೆಗೆದುಕೊಳ್ಳುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆಗಳು ಬಿಪಿ ಏರಿಸಬಲ್ಲವು. ಮೂತ್ರಪಿಂಡಕ್ಕೂ ಒಳ್ಳೆಯದಲ್ಲ. ಮೂಗು ಕಟ್ಟಿದ್ದಕ್ಕೆ ತೆಗೆದುಕೊಳ್ಳುವ ಕೆಲವು ನೆಗಡಿ ಮಾತ್ರೆಗಳೂ ಹಾಗೆಯೇ. ಎರಡು ವಾರ ಬಿಪಿ ಏರಿದ್ದಕ್ಕೆ ಕಾರಣ ಪುಸ್ತಕದ ಬದಿಯಲ್ಲೇ ಸಿಕ್ಕಿದರೆ ಇನ್ನೊಂದು ಬಿಪಿ ಮಾತ್ರೆ ಸೇರಿಸುವ ಅಗತ್ಯವೇ ಬರುವುದಿಲ್ಲ.

ಉಪ್ಪಿನ ಮಾತು ಎಲ್ಲರಿಗೂ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಹೆಚ್ಚುಕಮ್ಮಿ ಒಂದು ಟೀ ಚಮಚ. ಸಾರಿಗೆ ಹಾಕುವುದಷ್ಟೇ ಅಲ್ಲ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಿಕ್ಸ್ಚರ್, ಬೇಕರಿ ಬನ್ನು ಎಲ್ಲವೂ ಸೇರಿ. ಉಪ್ಪು ಕಡಿಮೆ ಮಾಡಿದ ತಿಂಗಳ ಸರಾಸರಿ ಮತ್ತು ಹಿಂದಿನ ತಿಂಗಳ ಸರಾಸರಿ ಪಕ್ಕಪಕ್ಕ ಕಂಡರೆ, ಯಾರ ಉಪದೇಶವೂ ಬೇಕಾಗುವುದಿಲ್ಲ. ಸೊಂಟದ ಸುತ್ತಳತೆಯನ್ನು ತಿಂಗಳಿಗೊಮ್ಮೆ ಬರೆದರೆ ಸಾಕು. ನಮ್ಮ ಜನರಿಗೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಗೆರೆ.

ಹೆಂಗಸರ ಮಾತು ಬಂದಿದ್ದರಿಂದ ಒಂದು ವಿಷಯ. ಎಷ್ಟೋ ಮನೆಗಳಲ್ಲಿ ಗೃಹಿಣಿಯ ಬಿಪಿ ಕೊನೆಯ ಸಲ ನೋಡಿದ್ದು ಹೆರಿಗೆ ಸಮಯದಲ್ಲಿ, ತಾಯಿ ಕಾರ್ಡ್‌ನಲ್ಲಿ. ಮಗ ಈಗ ಡಿಗ್ರಿ ಓದುತ್ತಿರುತ್ತಾನೆ. ಬಸುರಿಯಲ್ಲಿ ಬಿಪಿ ಏರಿದ್ದವರಿಗೆ ಮುಂದೆ ಬಿಪಿ, ಹೃದಯದ ಕಾಯಿಲೆ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಯಂತ್ರ ಅಂಗಡಿಯಲ್ಲಿ ಗಲ್ಲಾ ಕೆಳಗೆ ಉಳಿಯದೆ ರಾತ್ರಿ ಮನೆಗೂ ಬರಬೇಕು.

ಬರೆದರೆ ಸಾಲದು, ಓದುವವರೂ ಬೇಕು

ಇದಕ್ಕೆ ದೊಡ್ಡ ಉದಾಹರಣೆ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್. ಅವರ ಬಿಪಿ ದಾಖಲೆ ವರ್ಷಗಟ್ಟಲೆ ಇತ್ತು. 1935ರಲ್ಲಿ 136/78. 1937ರಲ್ಲಿ 162/98. 1941ರಲ್ಲಿ 188/105. ಅವರ ಖಾಸಗಿ ವೈದ್ಯರು ಕಿವಿ–ಮೂಗು–ಗಂಟಲು ತಜ್ಞರು. ಅಧ್ಯಕ್ಷರ ಆರೋಗ್ಯ ಚೆನ್ನಾಗಿದೆ ಎಂದೇ ಹೊರಗೆ ಹೇಳುತ್ತಿದ್ದರು. 1944ರ ಮಾರ್ಚ್‌ನಲ್ಲಿ ಹೃದ್ರೋಗ ತಜ್ಞರೊಬ್ಬರು ಪರೀಕ್ಷಿಸಿದಾಗ ಹೃದಯ ಆಗಲೇ ಸೋತಿತ್ತು. 1945ರ ಏಪ್ರಿಲ್ 12ರಂದು ಮಿದುಳಿನಲ್ಲಿ ರಕ್ತಸ್ರಾವವಾಗಿ ತೀರಿಕೊಂಡಾಗ ಬಿಪಿ 300/190. ಆ ಕಾಲಕ್ಕೆ ಒಳ್ಳೆಯ ಮಾತ್ರೆಗಳೂ ಇರಲಿಲ್ಲ, ಅದನ್ನೂ ಹೇಳಬೇಕು. ಬಿಪಿಗೆ ಸಲೀಸಾಗಿ ನುಂಗಬಹುದಾದ ಮಾತ್ರೆಗಳು ಬಂದದ್ದು 1950ರ ದಶಕದ ಕೊನೆಯಲ್ಲಿ.

ಮೂರು ವರ್ಷದ ನಂತರ, 1948ರಲ್ಲಿ, ಅದೇ ದೇಶದ ಫ್ರೇಮಿಂಗ್‌ಹ್ಯಾಮ್ ಎಂಬ ಪಟ್ಟಣದಲ್ಲಿ 5,209 ಜನರನ್ನು ಎರಡು ವರ್ಷಕ್ಕೊಮ್ಮೆ ಪರೀಕ್ಷಿಸಿ ಬರೆದಿಡುವ ಅಧ್ಯಯನ ಶುರುವಾಯಿತು. ಬಿಪಿ, ಕೊಲೆಸ್ಟರಾಲ್, ಸಿಗರೇಟ್ ಹೃದಯಕ್ಕೆ ಅಪಾಯ ಅಂತ ಇವತ್ತು ಶಾಲೆ ಮಕ್ಕಳಿಗೂ ಗೊತ್ತಿರುವ ವಿಷಯ ಬಹುಪಾಲು ಆ ಊರಿನ ಪುಸ್ತಕಗಳಿಂದ ಬಂದದ್ದು. ಪಟ್ಟಣವೊಂದರ ಸಾಮಾನ್ಯ ಜನ ವರ್ಷಗಟ್ಟಲೆ ಬಂದು ತೋಳು ಚಾಚಿದ್ದರಿಂದ.

ನಮ್ಮಲ್ಲೂ ಸರ್ಕಾರದ ಕೆಲಸ ಈಗ ಅದೇ ದಾರಿಯಲ್ಲಿದೆ. ಐಸಿಎಂಆರ್, ಆರೋಗ್ಯ ಸಚಿವಾಲಯ, ವಿಶ್ವ ಆರೋಗ್ಯ ಸಂಸ್ಥೆ ಸೇರಿ ನಡೆಸುವ ಭಾರತ ರಕ್ತದೊತ್ತಡ ನಿಯಂತ್ರಣ ಯೋಜನೆಯ ತಿರುಳು ಹೊಸ ಔಷಧವಲ್ಲ. ಒಬ್ಬೊಬ್ಬ ರೋಗಿಯ ಬಿಪಿ ಪ್ರತಿ ಭೇಟಿಗೂ ದಾಖಲಾಗಬೇಕು, ತಿಂಗಳು ತಪ್ಪಿಸಿದವರನ್ನು ಕರೆಸಬೇಕು ಅನ್ನುವುದು. ರಾಜ್ಯದ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಲ್ಲಿ ಆರಂಭವಾಯಿತು. 30 ವರ್ಷ ದಾಟಿದವರ ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ನೋಡುವುದು ಅದರ ಉದ್ದೇಶ. ಹಳ್ಳಿಯ ಉಪಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲೂಕು ಆಸ್ಪತ್ರೆಗಳಲ್ಲಿ ಬಿಪಿ ನೋಡುವುದಕ್ಕೂ ಸಾಮಾನ್ಯ ಬಿಪಿ ಮಾತ್ರೆಗಳಿಗೂ ದುಡ್ಡಿಲ್ಲ. ‘ಅಂಗಡಿ ಬಿಟ್ಟು ಹೋಗೋಕಾಗಲ್ಲ’ ಅನ್ನುವುದು ದೊಡ್ಡ ಅಡ್ಡಿ. ಸರ್ಕಾರಿ ಹೊರರೋಗಿ ವಿಭಾಗದ ಸಮಯವೂ ಅಂಗಡಿ ಸಮಯವೂ ಒಂದೇ ಆಗಿರುವುದು ಸುಳ್ಳಲ್ಲ. ಮನೆಯ ಪುಸ್ತಕ ಇಲ್ಲೂ ನೆರವಿಗೆ ಬರುತ್ತದೆ. ತಿಂಗಳಿಗೊಮ್ಮೆ ಹೋದ ಆ ಹತ್ತು ನಿಮಿಷದಲ್ಲಿ ವೈದ್ಯರ ಕೈಗೆ ಒಂದು ನಂಬರ್ ಬದಲು ಇಡೀ ತಿಂಗಳು ಸಿಗುತ್ತದೆ.

ಪುಸ್ತಕ ಇಟ್ಟವರೂ ಮಾಡುವ ತಪ್ಪು ಒಂದಿದೆ. ಮಾತ್ರೆ ಶುರುವಾಗಿ ಎರಡು ತಿಂಗಳಿಗೆ ಸರಾಸರಿ 126/80ಕ್ಕೆ ಇಳಿಯುತ್ತದೆ. ‘ವಾಸಿ ಆಯ್ತು’ ಅಂತ ಮಾತ್ರೆ ನಿಲ್ಲಿಸುತ್ತಾರೆ. 126 ಬಂದದ್ದು ಮಾತ್ರೆಯಿಂದ. ನಿಲ್ಲಿಸಿದ ಕೆಲವು ವಾರಕ್ಕೆ ಹಳೇ ನಂಬರ್ ವಾಪಸ್ ಬರುತ್ತದೆ, ಅಷ್ಟರಲ್ಲಿ ಅಳೆಯುವುದನ್ನೂ ಬಿಟ್ಟಿರುತ್ತಾರೆ. ತೂಕ ಇಳಿಸಿ, ಉಪ್ಪು ಬಿಟ್ಟು, ನಡೆದು ನಿಜವಾಗಿಯೂ ಬಿಪಿ ಇಳಿದವರಿಗೆ ಮಾತ್ರೆ ಕಡಿಮೆ ಮಾಡಲು ಸಾಧ್ಯ. ಅದನ್ನು ಪುಸ್ತಕ ನೋಡಿ ವೈದ್ಯರೇ ಮಾಡಬೇಕು. ಹಾಗೆಯೇ ಇವತ್ತು ಹೊಸ ಮಾತ್ರೆ ನುಂಗಿ ನಾಳೆ ನಂಬರ್ ಇಳಿದಿಲ್ಲ ಅಂತ ಬೇಸರ ಮಾಡಿಕೊಳ್ಳುವಂತಿಲ್ಲ. ಅಮ್ಲೋಡಿಪಿನ್‌ನಂಥ ಮಾತ್ರೆಯ ಪೂರ್ಣ ಪರಿಣಾಮ ಕಾಣಲು ಒಂದೆರಡು ವಾರ ಬೇಕು. ಪಕ್ಕದ ಮನೆಯವರಿಗೆ ಹೊಂದಿದ ಮಾತ್ರೆ ತಂದು ನುಂಗುವುದಂತೂ ಬೇಡವೇ ಬೇಡ.

ಇದರ ಇನ್ನೊಂದು ತುದಿ, ದಿನಕ್ಕೆ ಹದಿನೈದು ಸಲ ಅಳೆಯುವವರು. ನಂಬರ್ ನೋಡಿ ಭಯ, ಭಯಕ್ಕೆ ನಂಬರ್ ಏರಿಕೆ, ಮತ್ತೆ ಅಳತೆ. ವೈದ್ಯರ ಬಳಿ ಹೋಗುವ ಮುಂಚಿನ ಏಳು ದಿನ ಮತ್ತು ಮಾತ್ರೆ ಬದಲಾದಾಗ ಏಳು ದಿನ ಸರಿಯಾಗಿ ಬರೆದರೆ ಆಯಿತು. ಉಳಿದಂತೆ ವಾರಕ್ಕೆ ಒಂದೆರಡು ಸಲ ಸಾಕು.

ಪುಸ್ತಕ ಬದಿಗಿಟ್ಟು ಓಡಬೇಕಾದ್ದು ಯಾವಾಗ

ಎದೆಯ ಮಧ್ಯೆ ಒತ್ತಿ ಹಿಡಿದಂತೆ ನೋವು, ತೋಳಿಗೆ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆ ಬೆವರು, ಉಸಿರು ಕಟ್ಟುವುದು. ‘ಗ್ಯಾಸ್ಟ್ರಿಕ್ ಇರಬೇಕು ಬಿಡಿ’ ಎಂದು ಸೋಡಾ ಕುಡಿದು ಶಟರ್ ಎಳೆಯುವವರೆಗೆ ಕಾಯುವ ಹೊತ್ತು ಇದಲ್ಲ. ಬಿಪಿ ಅಳೆಯುತ್ತಾ ಕೂರುವ ಹೊತ್ತೂ ಅಲ್ಲ, ಹೃದಯಾಘಾತದಲ್ಲಿ ಬಿಪಿ ಸರಿಯಾಗಿಯೇ ಇರಬಹುದು. 108ಕ್ಕೆ ಕರೆ ಮಾಡಿ ಹತ್ತಿರದ ತಾಲೂಕು ಆಸ್ಪತ್ರೆಗೆ ಹೋಗಬೇಕು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡಿ ಹೇಳುತ್ತಾರೆ. ಬೇಕಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಬಾಯಿ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು. ಹೆಪ್ಪು ಕರಗಿಸುವ ಔಷಧಕ್ಕೆ ಇರುವ ಸಮಯ ಸುಮಾರು ನಾಲ್ಕೂವರೆ ಗಂಟೆ, ಅದೂ ಸ್ಕ್ಯಾನ್ ಆದ ಮೇಲೆ. ಬಿಪಿ 180/120 ದಾಟಿ ಜೊತೆಗೆ ಇಂಥ ಲಕ್ಷಣ, ತೀವ್ರ ತಲೆನೋವು ಅಥವಾ ಕಣ್ಣು ಮಂಜು ಇದ್ದರೂ ತಡ ಮಾಡುವಂತಿಲ್ಲ. ಲಕ್ಷಣ ಏನೂ ಇಲ್ಲದೆ ಅಷ್ಟು ಬಂದರೆ ಐದು ನಿಮಿಷ ಸುಮ್ಮನೆ ಕೂತು ಮತ್ತೆ ನೋಡಬೇಕು. ಆಗಲೂ ಹಾಗೇ ಇದ್ದರೆ ಅವತ್ತೇ ವೈದ್ಯರಿಗೆ ತೋರಿಸಬೇಕು.

ಯಂತ್ರದ ವಿಷಯ ಒಂದು ಉಳಿಯಿತು. ವರ್ಷಕ್ಕೊಮ್ಮೆ ಅದನ್ನು ಆಸ್ಪತ್ರೆಗೆ ತೆಗೆದುಕೊಂಡು ಹೋಗಿ, ಅಲ್ಲಿನ ಯಂತ್ರದಲ್ಲೊಮ್ಮೆ, ತನ್ನದರಲ್ಲೊಮ್ಮೆ ಅದೇ ತೋಳಿಗೆ ನೋಡಿಸಿಕೊಳ್ಳುವುದು ಒಳ್ಳೆಯದು. ಎರಡು–ಮೂರು ಅಂಕಿ ವ್ಯತ್ಯಾಸ ಇದ್ದೇ ಇರುತ್ತದೆ. ಪದೇ ಪದೇ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮೊದಲು ಬ್ಯಾಟರಿ ಬದಲಿಸಿ ನೋಡಬೇಕು. ಆಮೇಲೆ ಪಟ್ಟಿ. ಅದರ ಅಂಟು ಸಡಿಲವಾಗಿದ್ದರೆ ಅಥವಾ ರಬ್ಬರ್ ನಳಿಗೆ ಬಿರುಕು ಬಿಟ್ಟಿದ್ದರೆ ಯಂತ್ರ ಬಿಸಾಕಬೇಕಿಲ್ಲ, ಎಷ್ಟೋ ಕಂಪನಿಗಳ ಪಟ್ಟಿ ಬಿಡಿಯಾಗಿಯೇ ಸಿಗುತ್ತದೆ.